ಏರಿ ಇಲ್ಲದ ನೀರು

ಪಿಳ್ಳಪ್ಪ ತಾತನ ಒಂದೇ ಒಂದು ಫೋಟೋ ನನ್ನ ಹತ್ತಿರ ಇದೆ. ಅದರಲ್ಲಿ ಅವರ ಬೆನ್ನು ಮಾತ್ರ ಕಾಣುತ್ತದೆ. ನಾವೈದು ಜನ ಸಮುದ್ರಕ್ಕೆ ಬೆನ್ನು ಹಾಕಿ, ಫೋನಿನ ಕಡೆ ಮುಖ ಮಾಡಿ, ಹಲ್ಲು ಬಿಟ್ಟುಕೊಂಡು ನಿಂತಿದ್ದೇವೆ. ಅವರೊಬ್ಬರು ಅತ್ತ ತಿರುಗಿ ನೀರು ನೋಡುತ್ತಿದ್ದಾರೆ. ಹೆಗಲ ಮೇಲೆ ಟವಲು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಹಿಂದಕ್ಕೆ ಕಟ್ಟಿಕೊಂಡ ಕೈಗಳು. ಎಡಗೈಯಲ್ಲಿ ಕಿರುಬೆರಳಿಲ್ಲ, ಅದನ್ನು ಯಾವ ಕಾಲದಲ್ಲೋ ಕೆರೆಯ ತೂಬು ತೆಗೆದುಕೊಂಡಿತ್ತು. "ತಾತ, ಇತ್ಲಾಗೆ ತಿರುಗು, ಒಂದೇ ನಿಮಿಷ" ಎಂದು ನನ್ನ ತಮ್ಮ ಮಂಜು ಮೂರು ಸಲ ಕರೆದ. "ನೀರಿಗೆ ಬೆನ್ನು ಹಾಕ್ಬಾರ್ದು ಕಣಪ್ಪ, ನೀವು ತೆಕ್ಕಳಿ" ಅಂದರು. ತಿರುಗಲಿಲ್ಲ.

ಆ ಫೋಟೋ ತೆಗೆದ ಒಂದು ಗಂಟೆಗೆಲ್ಲ ನಮ್ಮ ಆರು ಜನರಲ್ಲಿ ಒಬ್ಬ ಇರಲಿಲ್ಲ. ಆ ಸಾವಿನ ಹೊಣೆಯನ್ನು ನಮ್ಮಮ್ಮ ಪಿಳ್ಳಪ್ಪ ತಾತನ ಮೇಲೆ ಹೊರಿಸಿದಳು, ಅಮ್ಮನ ಹಿಂದೆ ಊರೂ ಹೊರಿಸಿತು. ಅವರು ಹೊತ್ತುಕೊಂಡೇ ಹೋದರು. ಅದು ಅವರದಲ್ಲ ಎಂದು ಗೊತ್ತಿದ್ದವರು ಇಬ್ಬರೇ, ಅವರು ಮತ್ತು ನಾನು.

ದೇವನಹಳ್ಳಿಯಿಂದ ನಲ್ಲೂರಿನ ಕಡೆಗೆ ಹೋಗುವಾಗ ಹುಣಸೆ ತೋಪು ಸಿಗುವ ಮೊದಲೇ ಬಲಕ್ಕೆ ತಿರುಗಿದರೆ ನಮ್ಮೂರು. ಊರಿಗೊಂದು ಕೆರೆ, ಕೆರೆಗೆ ನೀರಗಂಟಿ ಪಿಳ್ಳಪ್ಪ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಯಾರಿಗೆ ಎಷ್ಟು ಹೊತ್ತು ಎಂದು ನೋಡಿಕೊಳ್ಳುವುದು, ಮಳೆಗಾಲದಲ್ಲಿ ಕೆರೆಯ ಮಣ್ಣಿನ ಒಡ್ಡು ಏರಿಯನ್ನು, ಹೆಚ್ಚಾದ ನೀರು ಹೊರಹರಿಯುವ ಕೋಡಿಯನ್ನು ಕಾಯುವುದು ಅವರ ಅಪ್ಪನ ಕೆಲಸ, ಅಪ್ಪನ ಅಪ್ಪನ ಕೆಲಸ. ಬರೆಯುವಾಗ 'ಅವರು' ಅನ್ನುತ್ತಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ಹಾಗೆ ಅಂದವರಲ್ಲ. ನಾವು ಜಮೀನಿನವರು, ಅವರದು ಊರಾಚೆಯ ಸಾಲು. ಬಂದರೆ ಜಗಲಿಯ ಕೆಳಗೆ ನಿಂತು ಮಾತಾಡಿ ಹೋಗುತ್ತಿದ್ದರು. ನಾನೂ ಮಂಜುವೂ ತಾತ ಎಂದು ಕರೆಯುವುದನ್ನು ಕೇಳಿ ಅಮ್ಮ ಎರಡು ಸಲ ಬೈದಿದ್ದಳು, ಆಮೇಲೆ ಸುಮ್ಮನಾದಳು.

ನಾನು ಕಂಡ ಹೊತ್ತಿಗೆ ಗದ್ದೆಗಳೆಲ್ಲ ದ್ರಾಕ್ಷಿ ತೋಟ, ಗುಲಾಬಿ ಶೆಡ್ಡು ಆಗುತ್ತಿದ್ದವು. ಆದರೂ ಅವರು ಹಳೆಯ ಪದ್ಧತಿ ಬಿಡಲಿಲ್ಲ. ಸರದಿ ಬಂದವರ ಮನೆ ಮುಂದೆ ನಿಂತು "ನೀರ್ ಬಂತು" ಎಂದು ಒಂದೇ ಒಂದು ಸಲ ಕೂಗುತ್ತಿದ್ದರು. ಎದ್ದು ಬಂದರೆ ನೀರು, ಇಲ್ಲದಿದ್ದರೆ ಸರದಿ ಮುಂದಿನವನಿಗೆ. ಇನ್ನೊಂದು ಸಲ ಕೂಗಬಾರದೇ ಎಂದು ನಮ್ಮ ದೊಡ್ಡಪ್ಪ ರೇಗಿದಾಗ, "ಎಲ್ಡ್ನೇ ಸಲ ಕೂಗಿದ್ರೆ ನಾನು ನಿಮ್ ಮೇಲೆ ಅಧಿಕಾರ ಮಾಡ್ದಂಗಾಗ್ತದೆ ಗೌಡ್ರೇ" ಎಂದಿದ್ದರಂತೆ. ದೊಡ್ಡಪ್ಪ ಅದನ್ನು ತಮಾಷೆಯಾಗಿ ಹೇಳಿಕೊಂಡು ತಿರುಗಿದ. ಅದರಲ್ಲಿ ತಮಾಷೆ ಏನಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕೆರೆ ತುಂಬಿದ ದಿನಗಳಲ್ಲಿ ಅವರು ಏರಿಯ ಮೇಲೆ ಬೋರಲು ಮಲಗಿ ಮಣ್ಣಿಗೆ ಕಿವಿ ಇಟ್ಟು ಕೇಳುತ್ತಿದ್ದರು. ದಾರಿಹೋಕರು ಕುಡಿದು ಬಿದ್ದಿದ್ದಾನೆ ಅಂದುಕೊಳ್ಳುತ್ತಿದ್ದರು. ಏನು ಕೇಳಿಸುತ್ತೆ ತಾತ ಅಂದರೆ, "ಏನೂ ಕೇಳುಸ್ಬಾರ್ದು, ಅದಕ್ಕೇ ಕೇಳ್ತಾ ಇರೋದು" ಅನ್ನುವರು. ಬಹಳ ವರ್ಷ ಬರಿದಾಗಿದ್ದ ಕೆರೆಗೆ ನಗರದ ಕಡೆಯಿಂದ ಪೈಪಿನಲ್ಲಿ ನೀರು ಬಂದು ತುಂಬಿದಾಗ ಊರಿನವರೆಲ್ಲ ಹೋಗಿ ಅರಿಶಿನ ಕುಂಕುಮ ಬಿಟ್ಟು ಬಂದರು. ಇವರು ಮಾತ್ರ ಅಂಗೈಯಲ್ಲಿ ಅಷ್ಟು ನೀರು ಹಿಡಿದು ನೋಡಿ ಚೆಲ್ಲಿಬಿಟ್ಟರು. "ಇದು ಬಂದ ನೀರಲ್ಲ ಕಣವ್ವ, ಕಳ್ಸಿದ್ ನೀರು" ಅಂದರು. ಆದರೂ ಮಾರನೆಯ ದಿನದಿಂದ ಅದಕ್ಕೂ ಕಾವಲು ನಿಂತರು.

ಊರಿನ ಮಕ್ಕಳಿಗೆ ಈಜು ಕಲಿಸಿದವರು ಅವರೇ. ನಮ್ಮ ತೋಟದಲ್ಲಿ ಮೆಟ್ಟಿಲಿರುವ ಬಾವಿ ಇತ್ತು. ಹುಡುಗಿಗೆ ಯಾಕೆ ಈಜು ಎಂದು ಅಮ್ಮ ಅಡ್ಡ ಬಂದಾಗ, "ಬಾವಿಗೆ ಬೀಳೋ ಹೊತ್ನಾಗೆ ಹುಡ್ಗೀನಾ ಹುಡುಗ್ನಾ ಅಂತ ನೀರು ಕೇಳಲ್ಲ ಅಮ್ಮೋರೆ" ಅಂದು ನನ್ನನ್ನೂ ಇಳಿಸಿದರು. ಸೊಂಟಕ್ಕೊಂದು ಖಾಲಿ ಕ್ಯಾನು ಕಟ್ಟಿ ನೂಕಿಬಿಡುವುದು, ಮೇಲೆ ಕೂತು ಬೀಡಿ ಸೇದುತ್ತಾ ನೋಡುವುದು. ಕೂಗಿಕೊಂಡರೂ ಇಳಿಯುತ್ತಿರಲಿಲ್ಲ. ಒಂದೇ ಪಾಠ: "ಹೆದ್ರಿಕೆ ಆಯ್ತಾ, ಮೆಟ್ಲು ನೋಡು. ಮೆಟ್ಲು ಬಿಟ್ಟು ಇನ್ನೇನೂ ನೋಡ್ಬೇಡ. ನೇರ ಮೆಟ್ಲಿಗೇ ಬಾ." ನಾನು ಮೂರು ವಾರಕ್ಕೆ ಕಲಿತೆ. ನನಗಿಂತ ಐದು ವರ್ಷ ಚಿಕ್ಕವನಾದ ಮಂಜು ನಾಲ್ಕೇ ದಿನಕ್ಕೆ ಕಲಿತ. ಅವನನ್ನು ಕಂಡರೆ ತಾತನಿಗೆ ಒಂದು ಥರದ ಸಲಿಗೆ. "ಇವ್ನು ಗೌಡ್ರ ಮನೇಲಿ ತಪ್ಪಿ ಹುಟ್ಟವ್ನೆ, ಮೀನು ಇದು" ಅನ್ನುತ್ತಿದ್ದರು.

ಬಾವಿಗೆ ಎಷ್ಟು ಸಲಿಗೆಯೋ ಕೆರೆಗೆ ಅಷ್ಟೇ ನಿಷೇಧ. ಕೆರೆಗೆ ಇಳಿದವನಿಗೆ ಹೊಂಗೆ ಬರಲಿನ ಏಟು ಖಾತ್ರಿ. ಒಂದು ಸಂಜೆ ಮಂಜು ತೂಬಿನ ಕಲ್ಲಿನ ಹತ್ತಿರ ಇಳಿದಿದ್ದ, ಹದಿಮೂರೋ ಹದಿನಾಲ್ಕೋ ಆಗಿದ್ದ ವಯಸ್ಸು. ತಾತ ಓಡಿ ಬಂದು ಜುಟ್ಟು ಹಿಡಿದು ಎಳೆದುಹಾಕಿ ಮೀನಖಂಡದ ಮೇಲೆ ನಾಲ್ಕು ಬಾರಿಸಿದರು. ಅವನು ಅಳುತ್ತಾ ಮನೆಗೆ ಓಡಿಹೋದ. ನಾನು ಏರಿಯ ಮೇಲೇ ನಿಂತಿದ್ದೆ. ತಾತ ಏದುಸಿರು ಬಿಡುತ್ತಾ ನನ್ನ ಪಕ್ಕ ಕೂತು, ಒಂದು ಹುಲ್ಲುಕಡ್ಡಿ ಕಿತ್ತು ನೀರಿಗೆ ಎಸೆದರು. ಗಾಳಿಗೆ ಕೆರೆಯೆಲ್ಲ ಸಣ್ಣಗೆ ಅಲೆಯುತ್ತಿತ್ತು. ತೂಬಿನ ಮುಂದೆ ಒಂದು ಚಾಪೆಯಷ್ಟು ಜಾಗ ಮಾತ್ರ ನುಣ್ಣಗಿತ್ತು. ಕಡ್ಡಿ ಅಲ್ಲಿಗೆ ಹೋಗಿ ನಿಂತಿತು, ಒಂದು ಸುತ್ತು ತಿರುಗಿತು, ಆಮೇಲೆ ಇರಲಿಲ್ಲ.

"ನೋಡ್ದಾ? ಸದ್ದು ಮಾಡೋ ನೀರು ಬಡಾಯಿ ನೀರು. ಸುಮ್ಕಿರೋ ನೀರು ಕೆಲ್ಸ ಮಾಡ್ತಾ ಇರ್ತದೆ" ಅಂದರು. "ಅಕಸ್ಮಾತ್ ಎಳ್ಕಂಡ್ರೆ ಎದುರು ಈಜ್ಬಾರ್ದು. ತೂಬಿನ ಜೊತೆ ಜಗಳ ಆಡಿ ಗೆದ್ದೋರಿಲ್ಲ. ಏರಿ ಉದ್ದಕ್ಕೆ ಈಜ್ಬೇಕು. ಹತ್ತು ಮಾರು ಪಕ್ಕಕ್ಕೆ ಹೋದ್ರೆ ಅದೇ ಬಿಟ್ಬುಡ್ತದೆ."

ಅವತ್ತು ಏಟು ತಿಂದವನು ಮಂಜು, ಪಾಠ ಕೇಳಿದವಳು ನಾನು. ಆ ಪಾಠವನ್ನು ನಾನು ಅವನಿಗೆ ಹೇಳಲಿಲ್ಲ. ಹೇಳಬೇಕು ಅಂತಲೇ ಅನ್ನಿಸಲಿಲ್ಲ. ಕೆರೆಗೆ ಇಳಿಯಬಾರದು ಎಂದಮೇಲೆ ಇಳಿದರೆ ಏನು ಮಾಡಬೇಕು ಎನ್ನುವ ಮಾತು ಯಾಕೆ?

ಮಂಜು ಬೆಳೆದು ಟೆಂಪೋ ಟ್ರಾವೆಲರ್ ಕೊಂಡ. ಏರ್‌ಪೋರ್ಟಿನ ಕೆಲಸಗಾರರನ್ನು ಕರೆದೊಯ್ದು ಕರೆತರುತ್ತಿದ್ದ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು, ಅಮ್ಮನ ಉಸಿರು ಆಡುತ್ತಿದ್ದದ್ದೇ ಅವನಿಂದ. ನಾನು ಮದುವೆಯಾಗಿ ನೆಲಮಂಗಲದ ಹತ್ತಿರ ಅರಿಶಿನಕುಂಟೆಗೆ ಬಂದಿದ್ದೆ, ಅಲ್ಲೇ ಸಮೀಪದ ಶಾಲೆಯಲ್ಲಿ ಟೀಚರು. ಹೋದ ವರ್ಷ ಕಾರ್ತಿಕದಲ್ಲಿ ಮಂಜು ಫೋನು ಮಾಡಿ, "ಅಕ್ಕ, ಈ ಸಲ ತಾತಂಗೆ ಸಮುದ್ರ ತೋರ್ಸೇ ತೋರಿಸ್ತೀನಿ. ಚಿಕ್ಕೋನಿದ್ದಾಗ ಮಾತು ಕೊಟ್ಟಿದ್ದೆ, ಎಪ್ಪತ್ತೈದು ದಾಟೈತೆ ಮುದುಕಂಗೆ. ನೀನೂ ಭಾವನೂ ಬಂದ್ಬಿಡಿ" ಅಂದ. ಅವನ ಇಬ್ಬರು ಸ್ನೇಹಿತರೂ ಹೊರಟರು. ಕರಾವಳಿಯಲ್ಲಿ ಒಂದು ದೇವಸ್ಥಾನ ನೋಡಿ, ಅಮಾವಾಸ್ಯೆಯ ಪೂಜೆ ಮುಗಿಸಿ, ಮರುದಿನ ಸಮುದ್ರ ನೋಡಿಕೊಂಡು ಬರುವುದು ಅಂತಾಯಿತು. ಮಂಡಿನೋವಿನಿಂದ ಅಮ್ಮ ಬರಲಿಲ್ಲ. ಗಾಡಿ ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಪಿಳ್ಳಪ್ಪ, ನೀರ್ನ ಹತ್ರ ಹುಡುಗ್ನ ನೋಡ್ಕೋ. ನಿನ್ನ ನಂಬಿ ಕಳಿಸ್ತಾ ಇದೀನಿ" ಅಂದಳು. ಅಮ್ಮ ಅವರಿಗೆ ಕೆಲಸ ಹೇಳಿದ್ದುಂಟು, ನಂಬಿದ್ದೇನೆ ಎಂದು ಹೇಳಿದ್ದು ಅದೇ ಮೊದಲು. ತಾತ ಸೀಟಿನಿಂದ ಎದ್ದು ನಿಂತು ಹೂಂ ಅಂದರು.

ದಾರಿಯಲ್ಲಿ ಪ್ರತಿ ಹೊಳೆ ಬಂದಾಗಲೂ ಇದರ ಹೆಸರೇನು, ಇದರ ನೀರು ಎಲ್ಲಿಗೆ ಹೋಗ್ತದೆ ಎಂದು ಕೇಳಿದರು. ಘಟ್ಟ ಇಳಿಯುವವರೆಗೆ ಖುಷಿಯಾಗಿದ್ದವರು ಇಳಿದ ಮೇಲೆ ಮಾತು ಕಡಿಮೆ ಮಾಡಿದರು. "ಇಲ್ಲಿ ನೀರೆಲ್ಲ ನಮ್ಗೆ ಬೆನ್ನು ತೋರ್ಸಿ ಓಡ್ತವೆ" ಅಂದರು. ನನಗೆ ವಾಂತಿಯ ಸಂಕಟ, ಮಾತಿಗೆ ಅರ್ಥ ಹುಡುಕುವ ಸ್ಥಿತಿಯಲ್ಲಿ ಇರಲಿಲ್ಲ.

ಆ ಊರಿನ ಹೆಸರು ಬರೆಯುವುದಿಲ್ಲ. ಹೊಳೆ ಬಂದು ಸಮುದ್ರ ಸೇರುವ ಕಡೆಯಲ್ಲಿ ಒಂದು ಹಳೆಯ ಬಂದರು. ಒಂದಾನೊಂದು ಕಾಲದಲ್ಲಿ ಅಲ್ಲಿಂದ ಅಕ್ಕಿ, ಮೆಣಸು ಹಡಗಿನಲ್ಲಿ ಹೋಗುತ್ತಿತ್ತಂತೆ, ಅರಬ್ಬರ ಕುದುರೆಗಳು ಬಂದು ಇಳಿಯುತ್ತಿದ್ದವಂತೆ. ಈಗ ಸೂರಿಲ್ಲದ ಗೋದಾಮಿನ ಗೋಡೆಗಳಿವೆ, ಗೋಡೆಯ ಬಿರುಕಿನಲ್ಲಿ ಆಲದ ಬೇರು. ಹಡಗು ಕಟ್ಟುತ್ತಿದ್ದ ಕಲ್ಲಿನ ಗೂಟಗಳು ಮರಳಿನ ನಡುವೆ ನಿಂತಿವೆ. ನೀರು ಅಲ್ಲಿಂದ ಯಾವಾಗಲೋ ಎದ್ದು ಹೋಗಿದೆ. ಸಾಲಾಗಿ ಮೀನುಗಾರರ ಮನೆ, ಅಂಗಳದ ತುಂಬ ಒಣಹಾಕಿದ ಮೀನು, ಒಂದು ಚಪ್ಪರದಡಿ ಪಕ್ಕೆಲುಬು ಮಾತ್ರ ಆಗಿದ್ದ ಹೊಸ ಮರದ ದೋಣಿ. ಊರು ಚೆಂದವಿತ್ತು. ಆದರೆ ಎಲ್ಲ ಮನೆಗಳ ಬಾಗಿಲೂ ಸಮುದ್ರದ ಕಡೆಗೇ ಇದ್ದವು, ಒಂದೂ ನೀರಿಗೆ ಬೆನ್ನು ಹಾಕಿರಲಿಲ್ಲ. ಅದನ್ನು ಮೊದಲು ಗಮನಿಸಿದವರು ತಾತ. "ಇವ್ರು ತಿಳ್ದೋರು" ಅಂದರು.

ಸಮುದ್ರ ಕಂಡಾಗ ಕೈಮುಗಿಯುತ್ತಾರೆ, ಕಣ್ಣೀರು ಹಾಕುತ್ತಾರೆ ಎಂದು ಮಂಜು ಫೋನು ಹಿಡಿದು ಕಾದಿದ್ದ. ಅವರು ಕೈಮುಗಿಯಲಿಲ್ಲ. ಎಡಕ್ಕೆ ಕೊನೆಯವರೆಗೆ ನೋಡಿದರು, ಬಲಕ್ಕೆ ಕೊನೆಯವರೆಗೆ ನೋಡಿದರು.

"ಏರಿ ಎಲ್ಲೈತೆ?"

"ಏರಿ ಇಲ್ಲ ತಾತ. ಇದೇ ಕೊನೆ" ಎಂದು ಮಂಜು ನಕ್ಕ.

"ಏರಿ ಇಲ್ದೆ ಯಂಗೆ ನಿಂತೈತೆ? ಕಾಯೋನ್ಯಾರು?"

"ದೇವ್ರೇ ಕಾಯ್ತಾನೆ ಗುರು" ಅಂದ ಸ್ನೇಹಿತರಲ್ಲೊಬ್ಬ.

"ದೇವ್ರು ಕೋಡಿ ನೋಡ್ತಾನೆ ಕಣಪ್ಪ, ತೂಬು ನೋಡಲ್ಲ" ಅಂದರು ತಾತ. ನಾವು ಎಲ್ಲರೂ ನಕ್ಕೆವು. ಅವರ ಮುಖ ನೋಡಿದ್ದರೆ ನಗುತ್ತಿರಲಿಲ್ಲವೇನೋ, ಆದರೆ ನಮಗೆ ಅವರ ಬೆನ್ನು ಕಾಣುತ್ತಿತ್ತು.

ಹತ್ತಿರದಲ್ಲಿ ಒಬ್ಬರು ವಯಸ್ಸಾದ ಮೀನುಗಾರರು ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಾ ಕೂತಿದ್ದರು. ತಾತ ಹೋಗಿ ಅವರ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಘಟ್ಟದ ಮೇಲಿನವರಾ ಎಂದು ಅವರು ಕೇಳಿದರು. ತಾತ ನೇರವಾಗಿ ವಿಷಯಕ್ಕೇ ಬಂದು, ಈ ನೀರಿನ ತೂಬು ಎಲ್ಲಿದೆ ಎಂದರು. ನನಗೆ ನಾಚಿಕೆಯಾಯಿತು. ತೂಬು ಅಂದರೆ ಎಂಥ ಎಂದು ಅವರು ಕೇಳಿದಾಗ ತಾತ ಮರಳಿನ ಮೇಲೆ ಕೆರೆ ಬರೆದು, ಏರಿ ಬರೆದು, ತೂಬು ತೋರಿಸಿ, ನೀರು ಹೇಗೆ ಸದ್ದಿಲ್ಲದೆ ಒಳಕ್ಕೆ ಎಳೆಯುತ್ತದೆ ಎಂದು ವಿವರಿಸಿದರು. ಆ ಮನುಷ್ಯ ನಗಲಿಲ್ಲ. ಬಲೆ ಪಕ್ಕಕ್ಕಿಟ್ಟರು.

"ಉಂಟು ಮಾರಾಯ್ರೆ. ಆದ್ರೆ ನಿಮ್ಮ ಕೆರೇದ್ದರ ಹಾಗೆ ಒಂದೇ ಕಡೆ ಇರುದಿಲ್ಲ. ನಿನ್ನೆ ಆ ಬಂಡೆ ಹತ್ರ ಇತ್ತು. ಇವತ್ತು ಎಲ್ಲಿ ಅಂತ ನೋಡ್ಬೇಕು. ನಿನ್ನೆ ಅಮಾಸೆ ಅಲ್ವಾ, ಎಳೆತ ಜಾಸ್ತಿ. ಹುಡುಗ್ರು ಇಳಿಯುದಾದ್ರೆ ನಂಗೆ ಕೇಳಿ ಇಳೀಲಿ. ಗಂಜಿ ಉಂಡು ಬಂದೆ" ಎಂದು ಎದ್ದು ಮನೆಯ ಕಡೆ ನಡೆದರು. ಆ ಮನುಷ್ಯ ಹೋಗುವುದನ್ನೇ ತಾತ ನೋಡುತ್ತಾ ಕೂತರು. ಅವರ ಪಕ್ಕದಲ್ಲಿ ಮರಳಿನ ಕೆರೆ ಹಾಗೇ ಇತ್ತು.

ಮಂಜುವಿಗೆ ಕಾಯುವ ತಾಳ್ಮೆ ಎಂದೂ ಇರಲಿಲ್ಲ. ಅಂಗಿ ಬಿಚ್ಚಿ ನನ್ನ ಮೇಲೆ ಎಸೆದ. ಇಬ್ಬರು ಸ್ನೇಹಿತರಿಗೂ ಅಲೆ ಕಂಡು ಭಯ. "ಅಲ್ಲಿ ಬೇಡ ಮಗಾ, ಅಲೆ ಹೊಡೀತೈತೆ. ಆ ಕಡೆ ನೋಡು, ಸುಮ್ನೆ ಐತೆ, ನಮ್ ಬಾವಿ ಥರ" ಎಂದು ಮಂಜು ತೋರಿಸಿದ. ನಿಜ, ಎರಡು ಕಡೆ ಬಿಳಿಯ ಅಲೆ ಮುರಿದು ಬೀಳುತ್ತಿದ್ದರೆ ನಡುವೆ ಒಂದು ಓಣಿಯಷ್ಟು ಅಗಲ ನೀರು ಮಣ್ಣಿನ ಬಣ್ಣಕ್ಕೆ ತಿರುಗಿ ನುಣ್ಣಗೆ ಮಲಗಿತ್ತು. ಒಳನಾಡಿನ ನಮ್ಮಂಥವರು ಯಾರೇ ಆಗಲಿ ಆರಿಸಿಕೊಳ್ಳುವ ಜಾಗ ಅದೇ. ಸ್ನೇಹಿತರಿಬ್ಬರೂ ಮೊಣಕಾಲಿಗೆ ನೀರು ಬಂದಲ್ಲಿ ನಿಂತರು. ಮಂಜು ಎದೆಯ ಮಟ್ಟಕ್ಕೆ ಹೋಗಿ ಮುಳುಗೆದ್ದು ಕೈಬೀಸಿದ. ನನ್ನ ಗಂಡ ಎಳನೀರು ತರಲು ಹೋಗಿದ್ದರು. ನಾನು ವೀಡಿಯೋ ಮಾಡುತ್ತಿದ್ದೆ, ಅಮ್ಮನಿಗೆ ಕಳಿಸಲು.

ತಾತ ನನ್ನ ಪಕ್ಕಕ್ಕೆ ಬಂದಿದ್ದು ಗೊತ್ತಾಗಲಿಲ್ಲ. ಅವರು ಆಗಲೇ ಒಂದು ಸಲ ಅವನನ್ನು ಕೂಗಿದ್ದರು, ಅವನು ನಗುತ್ತಾ ತಲೆಯಾಡಿಸಿದ್ದ.

"ಅವ್ವ, ಅಲ್ಲಿ ತೂಬು ತೆಗ್ದೈತೆ" ಅಂದರು. ಧ್ವನಿ ಏರಿಸಲಿಲ್ಲ. "ಮಂಜಪ್ಪನ್ನ ಕರಿ. ನಾನ್ ಕರುದ್ರೆ ಬರಲ್ಲ, ನೀನ್ ಕರುದ್ರೆ ಬತ್ತಾನೆ."

ನಾನು ನಕ್ಕೆ. ಫೋನಿನಿಂದ ಕಣ್ಣು ತೆಗೆಯದೆ, "ಸಮುದ್ರಕ್ಕೆಲ್ಲಿಯ ತೂಬು ತಾತ? ಅವ್ನಿಗೆ ಈಜು ಕಲ್ಸಿದ್ದು ನೀನೇ ಅಲ್ವಾ, ಬಿಡು" ಅಂದೆ.

ಅವರು ಇನ್ನೊಂದು ಸಲ ಹೇಳಲಿಲ್ಲ. ನಮ್ಮ ಮನೆಯವರಿಗೆ ಯಾವ ಮಾತನ್ನೂ ಎರಡನೆಯ ಸಲ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಟವಲು ತೆಗೆದು ಮಡಿಸಿ ನನ್ನ ಚಪ್ಪಲಿಯ ಪಕ್ಕ ಇಟ್ಟು, ನೀರಿನ ಕಡೆ ನಡೆದರು.

ಮಂಜುವಿನ ತಲೆ ಸಣ್ಣದಾಗುತ್ತಿರುವುದು ನನಗೆ ಫೋನಿನ ಪರದೆಯಲ್ಲೇ ಕಂಡಿತು. ಮೊದಲು ಅವನೇ ದೂರ ಹೋಗುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಅವನು ನಮ್ಮ ಕಡೆಗೆ ಮುಖ ಮಾಡಿದ್ದಾನೆ, ಕೈ ಬೀಸಿ ಬೀಸಿ ಈಜುತ್ತಿದ್ದಾನೆ, ಆದರೂ ಹಿಂದಕ್ಕೆ ಹೋಗುತ್ತಿದ್ದಾನೆ ಎಂದು ಗೊತ್ತಾಯಿತು. ತಾತ ಸೊಂಟದ ನೀರಿನಲ್ಲಿ ನಿಂತು ಎರಡೂ ಕೈ ಪಕ್ಕಕ್ಕೆ ಚಾಚಿ, "ಏರಿ ಉದ್ದಕ್ಕೆ ಬಾರೋ, ಏರಿ ಉದ್ದಕ್ಕೆ" ಎಂದು ಕೂಗುತ್ತಿದ್ದರು. ಅಲ್ಲಿ ಏರಿ ಎಲ್ಲಿತ್ತು? ಮಂಜು ನಮ್ಮನ್ನೇ ನೋಡುತ್ತಾ, ನೇರವಾಗಿ ನಮ್ಮ ಕಡೆಗೇ ಈಜಿದ. ಹೆದರಿಕೆಯಾದರೆ ಮೆಟ್ಟಿಲು ಬಿಟ್ಟು ಇನ್ನೇನೂ ನೋಡಬೇಡ ಎಂದು ಅವನಿಗೆ ನಾಲ್ಕು ದಿನದಲ್ಲಿ ಕಲಿಸಿದ್ದರಲ್ಲ, ಅದನ್ನು ಅವನು ಕೊನೆಯವರೆಗೂ ಬಿಡಲಿಲ್ಲ. ನಾವು ನಿಂತ ದಡವೇ ಅವನ ಮೆಟ್ಟಿಲು. ನಾನೂ ಓಡಿಹೋಗಿ ಬಾ ಮಂಜು, ಬಾ ಮಂಜು ಎಂದು ಕರೆದೆ. ಏರಿಯ ಪಾಠ ಗೊತ್ತಿದ್ದವಳು ನಾನು ಅವನನ್ನು ನೇರವಾಗಿಯೇ ಕರೆದೆ.

ಮೀನುಗಾರರು ದೋಣಿ ನೂಕಿಕೊಂಡು ಬಂದರು. ಮೊದಲು ಅವರ ಕೈಗೆ ಸಿಕ್ಕಿದ್ದು ತಾತ, ಕತ್ತಿನ ಮಟ್ಟಕ್ಕೆ ಹೋಗಿಬಿಟ್ಟಿದ್ದರು. ಬಲೆ ಹೆಣೆಯುತ್ತಿದ್ದ ಹಿರಿಯರು ಅವರನ್ನು ತಬ್ಬಿ ಹಿಡಿದು ಕೂರಿಸಿಕೊಂಡರು. ದೋಣಿಗಳು ಕತ್ತಲಾಗುವವರೆಗೂ ತಿರುಗಿದವು. ಮಂಜುವನ್ನು ಮಾರನೆಯ ಬೆಳಿಗ್ಗೆ ಅವರೇ ಹುಡುಕಿ ತಂದರು, ಉತ್ತರಕ್ಕೆ ಎರಡು ಊರಿನಾಚೆ. ಅವನಿಗೆ ಇಪ್ಪತ್ತೊಂಬತ್ತು.

ಆಂಬುಲೆನ್ಸು ಊರಿಗೆ ಬಂದಾಗ ಅಮ್ಮ ಅಳುತ್ತಿರಲಿಲ್ಲ. "ಪಿಳ್ಳಪ್ಪ ಎಲ್ಲಿದ್ದ?" ಅಂದಳು, ಅದೇ ಅವಳ ಮೊದಲ ಮಾತು. ತಾತ ಗೇಟಿನ ಹತ್ತಿರ ನಿಂತಿದ್ದರು. ಅಮ್ಮ ಹೋಗಿ ಅವರ ಎದುರು ನಿಂತಳು. "ನಿನ್ನ ನಂಬಿ ಕಳ್ಸಿದ್ನಲ್ಲೋ. ನೀರು ಗೊತ್ತು ನೀರು ಗೊತ್ತು ಅಂತ ಜಂಬ ಕೊಚ್ಕೋತಿದ್ಯಲ್ಲ, ನೋಡ್ತಾ ನಿಂತಿದ್ಯೇನೋ? ನನ್ನ ಮಗುನ ಕರೆಯೋಕೆ ನಿಂಗೆ ಬಾಯಿರಲಿಲ್ವೇನೋ?"

ತಾತ ತಲೆಯೆತ್ತಿ ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಅಮ್ಮನಿಗೆ ಕುಡಿಸಲೆಂದು ಲೋಟದಲ್ಲಿ ನೀರು ಹಿಡಿದು ನಿಂತಿದ್ದೆ. ಬಾಯಿ ತೆರೆದೆ. ಮಾತು ಹೊರಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೊರಡಿಸಲಿಲ್ಲ.

"ತಪ್ಪಾಯ್ತು ಅಮ್ಮೋರೆ" ಅಂದರು ತಾತ.

ಅಷ್ಟು ಸಾಕಾಯಿತು ಊರಿಗೆ. ಬೈಯುವುದಕ್ಕೆ ಸುಲಭವಾಗಿ ಸಿಗುವ ಮನುಷ್ಯ. ಮುದುಕ ಸಮುದ್ರದ ಆಸೆಗೆ ಹುಡುಗನನ್ನು ತಿಂದ ಅಂದರು. ಅವರಿಂದ ಈಜು ಕಲಿತು, ಈಗ ತಮ್ಮ ಮಕ್ಕಳನ್ನೂ ಅವರ ಹತ್ತಿರ ಬಿಟ್ಟಿದ್ದವರು ಮಕ್ಕಳನ್ನು ವಾಪಸು ಕರೆದುಕೊಂಡರು. ಅವರು ಏರಿಯ ಮೇಲೆ ಹೋದರೆ ಅಪಶಕುನ ಅನ್ನುವಲ್ಲಿಗೆ ಬಂತು, ಅವರು ಹೋಗುವುದನ್ನೇ ಬಿಟ್ಟರು. ಅಮ್ಮನನ್ನು ನಾನು ಅರಿಶಿನಕುಂಟೆಗೆ ಕರೆತಂದೆ. ಅವಳು ಪ್ರತಿದಿನ ತಟ್ಟೆಯ ಮುಂದೆ ಕೂತು ಮೊದಲು ಪಿಳ್ಳಪ್ಪನಿಗೆ ಶಾಪ ಹಾಕಿ, ಆಮೇಲೆ ಎರಡು ತುತ್ತು ಉಣ್ಣುತ್ತಿದ್ದಳು. ನಾನು ಬಡಿಸುತ್ತಿದ್ದೆ.

ಜ್ಯೇಷ್ಠದಲ್ಲಿ, ತಾತ ಹಾಸಿಗೆ ಹಿಡಿದಿದ್ದಾರೆ ಎಂದು ತಿಳಿದು ಅಮ್ಮನಿಗೆ ಹೇಳದೆ ಹೋದೆ. ಅಷ್ಟು ವರ್ಷದಲ್ಲಿ ಅವರ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಸೊಸೆ ಒಂದು ಸ್ಟೂಲು ಹಾಕಿ ಹೊರಗೆ ಹೋದಳು. ತಾತ ಗೋಡೆಗೆ ಒರಗಿ ಕೂತಿದ್ದರು, ಕಾಲು ಊದಿಕೊಂಡಿತ್ತು. ಅಮ್ಮನಿಗೆ ಎಲ್ಲ ಹೇಳಿಬಿಡುತ್ತೇನೆ ತಾತ, ಇವತ್ತೇ ಹೇಳುತ್ತೇನೆ ಅಂದೆ. ಅಳುತ್ತಾ ಹೇಳಿದೆ. ಸಮಾಧಾನ ಮಾಡುತ್ತಾರೆ ಎಂದು ಒಳಗೊಳಗೇ ನಿರೀಕ್ಷಿಸಿದ್ದೆ ಅಂತ ಕಾಣುತ್ತೆ.

"ನಿನ್ ಮ್ಯಾಲೆ ಸಿಟ್ಟಿಲ್ಲ ಅಂತ ತಿಳ್ಕಬ್ಯಾಡ ಕಣವ್ವ. ಐತೆ" ಅಂದರು. "ನೀನು ನಕ್ಕಿದ್ದು ಇನ್ನೂ ಕಿವೀಲೈತೆ. ನಂದೂ ತಪ್ಪೈತೆ. ಒಂದೇ ಸಲ ಹೇಳ್ದೆ. ಇನ್ನೊಂದ್ ಸಲ ಹೇಳ್ಬೇಕಾಗಿತ್ತು, ಕೆನ್ನೆಗ್ ಬಾರ್ಸಿ ಹೇಳ್ಬೇಕಾಗಿತ್ತು. ಏರಿ ಉದ್ದಕ್ಕೆ ಈಜೋದ ನಿಂಗ್ ಹೇಳ್ದೆ, ಅವ್ನಿಗ್ ಹೇಳ್ಲಿಲ್ಲ. ಅಷ್ಟು ನಂದು."

ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು.

"ಆದ್ರೆ ನಿಮ್ಮಮ್ಮೋರ್ಗೆ ಹೇಳ್ಬ್ಯಾಡ. ಉಳ್ದಿರೋಳು ನೀನೊಬ್ಳೇ. ನನ್ನ ಬೈಕಂಡಾದ್ರೂ ಎರಡು ತುತ್ತು ಉಣ್ತವ್ರೆ. ನಿನ್ನ ಬೈಯಂಗಾದ್ರೆ ಉಣ್ಣಾಕಿಲ್ಲ. ನಾನಿರೋಗಂಟ ನನ್ನೇ ಬೈಲಿ."

ನಾನು ಒಪ್ಪಿಕೊಂಡೆ. ಅದು ಅವರ ದೊಡ್ಡತನ ಎಂದು ಹೇಳಿ ಜಾರಿಕೊಳ್ಳಲಾರೆ. ನನಗೆ ಹಾಯೆನಿಸಿತು, ಅದಕ್ಕೇ ಒಪ್ಪಿಕೊಂಡೆ. ಎದ್ದು ಬರುವಾಗ ಕಾಲು ಮುಟ್ಟಲು ಬಗ್ಗಿದರೆ ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ಆಷಾಢದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ಮಣ್ಣು ಮಾಡಿ ಎರಡು ದಿನವಾಗಿತ್ತು.

ಅಮ್ಮನಿಗೆ ಹೇಳಿದೆ. "ಹೋದ್ನಾ" ಅಂದಳು. ಶಾಪ ನಿಂತುಹೋಯಿತು, ಅದರ ಜೊತೆಗೆ ಊಟವೂ ಕಡಿಮೆಯಾಗುತ್ತಾ ಬಂತು. ಒಂದು ತಿಂಗಳು ಅವಳು ಮನೆಯಲ್ಲಿ ಓಡಾಡುವುದನ್ನು ನೋಡುತ್ತಿದ್ದೆ. ಏನೋ ಇಟ್ಟು ಮರೆತವಳ ಹಾಗೆ ಬಾಗಿಲಿಂದ ಬಾಗಿಲಿಗೆ ಬಂದು ನಿಲ್ಲುವಳು, ನನ್ನನ್ನು ನೋಡುವಳು, ಹೋಗುವಳು. ಏನು ಬರುತ್ತಿದೆ ಎಂದು ನನಗೆ ಗೊತ್ತಿತ್ತು.

ಕಳೆದ ಭಾನುವಾರ ಮಧ್ಯಾಹ್ನ ಇಬ್ಬರೂ ನೆಲದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದೆವು.

"ಅವತ್ತು ನೀನು ಎಲ್ಲಿದ್ದೆ?" ಅಂದಳು ಅಮ್ಮ.

ಅಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ಅವಳು ನನಗೆ ಕೇಳಿರಲಿಲ್ಲ. ದಡದಲ್ಲೇ ಇದ್ದೆ ಅಂದೆ. ಆಮೇಲೆ ಮೊದಲಿಂದ ಎಲ್ಲ ಹೇಳಿದೆ. ನುಣ್ಣಗಿದ್ದ ನೀರು, ನನ್ನ ಪಕ್ಕ ಬಂದು ನಿಂತ ತಾತ, ಅವನನ್ನು ಕರಿ ಎಂದು ಅವರು ಹೇಳಿದ್ದು, ನಾನು ಕರೆಯದೆ ಇದ್ದದ್ದು, ಗೇಟಿನ ಹತ್ತಿರ ಬಾಯಿ ಮುಚ್ಚಿಕೊಂಡದ್ದು. ಒಂದು ಮಾತು ಮಾತ್ರ ಬಿಟ್ಟೆ. ಅಮ್ಮ ಇನ್ನೊಂದು ಸೊಪ್ಪಿನ ಕಟ್ಟು ಬಿಚ್ಚಿ, ಒಂದೊಂದೇ ಎಲೆ ಕಿತ್ತು ಹಾಕಿದಳು. ಹೆತ್ತವಳು, ನನ್ನನ್ನು ಬಲ್ಲಳು.

"ಅವ್ನು ಹಂಗಂದಾಗ ನೀನು ನಕ್ಯಾ?"

ನಾಚಿಕೆಯಿಲ್ಲದ ನನ್ನ ಕಣ್ಣು ಆಗಲೂ ಬಾಗಿಲಿನ ಕಡೆ ಹೋಯಿತು, ಅಲ್ಲಿ ಪಿಳ್ಳಪ್ಪ ತಾತ ಬಂದು ನಿಂತಿರಬಾರದೇ ಎಂದು. ಯಾರೂ ಇರಲಿಲ್ಲ. ಹೂಂ ಅಂದೆ.